ಮೂವರು ಸೋತ ನೆಲದಲ್ಲಿ ಗೆದ್ದ ನಾಲ್ಕನೆಯವನು

ಬಹಮನಿ ಅನ್ನೋ ಹೆಸರು ಕಿವಿಗೆ ಬಿದ್ದ ತಕ್ಷಣ ನಮ್ಮ ಮೊಬೈಲ್‌ಗಳಲ್ಲಿ ಒಂದು ಕಥೆ ಓಡೋಕೆ ಶುರುವಾಗುತ್ತೆ. ನೀವೂ ಓದಿರ್ತೀರಿ. ದೆಹಲಿಯಲ್ಲಿ ಗಂಗು ಅನ್ನೋ ಬ್ರಾಹ್ಮಣ ಜ್ಯೋತಿಷಿ ಇದ್ದ. ಅವನ ಹೊಲದಲ್ಲಿ ಹಸನ್ ಅನ್ನೋ ಬಡ ಹುಡುಗ ದುಡೀತಿದ್ದ. ಒಂದಿನ ನೇಗಿಲಿಗೆ ಏನೋ ಸಿಕ್ಕಿಹಾಕಿಕೊಂಡಿತು, ಅಗೆದು ನೋಡಿದರೆ ಪಾತ್ರೆ ತುಂಬಾ ಬಂಗಾರದ ನಾಣ್ಯ. ಹುಡುಗ ಮುಚ್ಚಿಡಲಿಲ್ಲ, ನೇರವಾಗಿ ಯಜಮಾನನ ಮುಂದೆ ತಂದಿಟ್ಟ. ಮೆಚ್ಚಿದ ಗಂಗು ಅವನ ಜಾತಕ ನೋಡಿ, ನೀನು ರಾಜನಾಗ್ತೀಯ, ಆದಾಗ ನನ್ನ ಹೆಸರು ಇಟ್ಕೋ ಅಂದ. ಹುಡುಗ ಮುಂದೆ ಕಲಬುರಗಿಯಲ್ಲಿ ಸುಲ್ತಾನನಾದ. ಮಾತು ಉಳಿಸಿಕೊಂಡು ಹಸನ್ ಗಂಗು ಅಂತ ಕರೆಸಿಕೊಂಡ. ಬ್ರಾಹ್ಮಣ ಹೋಗಿ ಬಹಮನಿ ಆಯ್ತು.

ಚೆನ್ನಾಗಿದೆ ಕಥೆ. ಒಂದು ಬಣದವರು ಇದನ್ನ ಕೋಮು ಸೌಹಾರ್ದದ ಉದಾಹರಣೆ ಅಂತ ಹಂಚ್ತಾರೆ. ಇನ್ನೊಂದು ಬಣದವರು, ನೋಡಿ, ನಮ್ಮವರು ಕೈಹಿಡಿದು ಮೇಲೆತ್ತಿದರು, ಅವರು ಏನು ಮಾಡಿದರು ಅಂತ ಹಂಚ್ತಾರೆ. ಕಥೆ ಒಂದೇ, ಫಾರ್ವರ್ಡ್ ಎರಡು.

ತೊಂದರೆ ಏನು ಅಂದ್ರೆ, ಈ ಕಥೆಯನ್ನ ನಮಗೆ ಕೊಟ್ಟವನು ಫರಿಶ್ತಾ. ಅವನು ವಿಜಯಪುರದಲ್ಲಿ, ಎರಡನೇ ಇಬ್ರಾಹಿಂ ಆದಿಲ್ ಶಾಹಿಯ ಆಸ್ಥಾನದಲ್ಲಿ ಕೂತು ಬರೆದವನು. ಹಸನ್ ಪಟ್ಟಕ್ಕೆ ಬಂದದ್ದು 1347ರಲ್ಲಿ. ಫರಿಶ್ತಾ ಬರೆದದ್ದು ಹದಿನೇಳನೇ ಶತಮಾನದ ಆರಂಭದಲ್ಲಿ. ನಡುವೆ ಇನ್ನೂರೈವತ್ತು ವರ್ಷ! ಹಸನ್‌ನ ಕಾಲದಲ್ಲೇ, ಅವನ ಆಶ್ರಯದಲ್ಲೇ ಬದುಕಿ 1350ರಲ್ಲಿ ತನ್ನ ಪರ್ಷಿಯನ್ ಕಾವ್ಯ ಮುಗಿಸಿದ ಇಸಾಮಿ ಈ ಬ್ರಾಹ್ಮಣನ ಸುದ್ದಿಯನ್ನೇ ಎತ್ತೋದಿಲ್ಲ. ಪಟ್ಟಕ್ಕೆ ಬಂದ ಹಸನ್ ಇಟ್ಟುಕೊಂಡ ಹೆಸರು ಅಲಾವುದ್ದೀನ್ ಹಸನ್ ಬಹಮನ್ ಶಾ. ಬಹಮನ್ ಅಂದ್ರೆ ಇರಾನಿನ ಪುರಾಣದ ರಾಜ, ಇಸ್ಫಂದಿಯಾರನ ಮಗ. ತಾನು ಆ ವಂಶದ ಕುಡಿ ಅಂತ ಹಸನ್ ಹೇಳಿಕೊಂಡ. ಅದೂ ನಿಜ ಅಂತ ನಾನು ಒಪ್ಪೋದಿಲ್ಲ. ಕುದುರೆ ಸವಾರನಾಗಿದ್ದವನು ಸಿಂಹಾಸನ ಹತ್ತಿದ ಮರುದಿನ ಒಂದು ವಂಶಾವಳಿ ಬೇಕೇ ಬೇಕು. ನಮ್ಮ ಕಡೆಯ ರಾಜರು ಚಂದ್ರವಂಶ, ಯದುವಂಶ ಅಂತ ಶಾಸನದಲ್ಲಿ ಕೆತ್ತಿಸಿಕೊಂಡ ಹಾಗೆ ಇದು.

ಬಂಗಾರದ ಪಾತ್ರೆಯೂ ಬೇಡ, ಇರಾನಿನ ರಾಜನೂ ಬೇಡ. ನಿಜವಾಗಿ ನಡೆದದ್ದು ಇದಕ್ಕಿಂತ ರೋಚಕವಾಗಿದೆ. ಅದರಲ್ಲಿರೋದು ತೆರಿಗೆ ಲೆಕ್ಕ, ದೂರದ ರಾಜಧಾನಿ, ಮತ್ತು ಸಾಲಾಗಿ ಸತ್ತ ಅಧಿಕಾರಿಗಳು.

ಇದನ್ನ ನಾನು ಆದಿತ್ಯನಗರ, ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿ ಕಡೆಯ ವೀಕ್ಷಕರಿಗೆ ವಿಶೇಷವಾಗಿ ಹೇಳ್ತಿದ್ದೀನಿ. ಯಾಕಂದ್ರೆ ಈ ಆಟದ ಮೈದಾನವೇ ನಿಮ್ಮೂರು. ಆದಿತ್ಯನಗರ ಅಂದ್ರೆ ಹೊರಗಿನವರಿಗೆ ಸಿಮೆಂಟ್ ಕಾರ್ಖಾನೆ, ಕ್ವಾರ್ಟರ್ಸ್, ಸುಣ್ಣದಕಲ್ಲಿನ ಲಾರಿ. ಅಲ್ಲೇ ಪಕ್ಕದಲ್ಲಿ ಕಾಗಿಣಾ ನದಿ ದಂಡೆಯ ಮೇಲೆ ಮಳಖೇಡ ಇದೆ. ನೇಮಿನಾಥ ಬಸದಿ, ಉತ್ತರಾದಿ ಮಠ, ಕುಸೀತಾ ಇರೋ ಕೋಟೆ. ಒಂದು ಕಾಲಕ್ಕೆ ಅದೇ ಮಾನ್ಯಖೇಟ, ರಾಷ್ಟ್ರಕೂಟರ ರಾಜಧಾನಿ, ಅಮೋಘವರ್ಷ ನೃಪತುಂಗ ಆಳಿದ ಊರು.

ಆ ರಾಷ್ಟ್ರಕೂಟರು ಮುಗಿದದ್ದು ಹೇಗೆ? 972ರಲ್ಲಿ ಮಾಳವದ ಪರಮಾರ ಸೀಯಕ ಬಂದು ಮಾನ್ಯಖೇಟವನ್ನ ಲೂಟಿ ಹೊಡೆದ. ಆದರೆ ರಾಜ್ಯ ಅವನ ಪಾಲಾಗಲಿಲ್ಲ. 973ರಲ್ಲಿ ಅದನ್ನ ಎತ್ತಿಕೊಂಡವನು ಎರಡನೇ ತೈಲಪ. ಯಾರು ಈ ತೈಲಪ? ಇದೇ ರಾಷ್ಟ್ರಕೂಟರ ಕೈಕೆಳಗೆ, ಇವತ್ತಿನ ವಿಜಯಪುರ ಜಿಲ್ಲೆಯ ಭಾಗದ ತರ್ದವಾಡಿ ಸಾವಿರವನ್ನ ನೋಡಿಕೊಳ್ತಿದ್ದ ಅಧಿಕಾರಿ! ಅವನ ವಂಶದವರು ಕಲ್ಯಾಣದಲ್ಲಿ ಕೂತು ಇನ್ನೂರು ವರ್ಷದ ಹತ್ತಿರ ಆಳಿದರು. ಅವರ ಸಿಂಹಾಸನವನ್ನ ಹನ್ನೆರಡನೇ ಶತಮಾನದಲ್ಲಿ ಕಿತ್ತುಕೊಂಡವನು ಬಿಜ್ಜಳ. ಬಸವಣ್ಣನವರ ಕಾಲದ ಬಿಜ್ಜಳ. ಅವನು ಎಲ್ಲಿನವನು? ಅವನೂ ಚಾಲುಕ್ಯರ ಮಹಾಮಂಡಲೇಶ್ವರ, ಅವನ ಹಿಡಿತ ಇದ್ದದ್ದೂ ಅದೇ ತರ್ದವಾಡಿಯಲ್ಲಿ. ಇನ್ನೂ ಹಿಂದೆ ಹೋದರೆ ರಾಷ್ಟ್ರಕೂಟ ದಂತಿದುರ್ಗ ಕೂಡ ಬಾದಾಮಿ ಚಾಲುಕ್ಯರ ಸಾಮಂತನೇ.

ಇದನ್ನ ಯಾಕೆ ಹೇಳಿದೆ ಅಂದ್ರೆ, ಪ್ರಾಂತಾಧಿಕಾರಿ ರಾಜನಾಗೋದು ಅಂದ ತಕ್ಷಣ ನಾವು ಧರ್ಮದ ಕನ್ನಡಕ ಹಾಕ್ಕೊಂಡು ಕೂತುಬಿಡ್ತೀವಿ. ಜೈನ ಬಸದಿ ಕಟ್ಟಿಸಿದವರೂ ಶಿವಾಲಯ ಕಟ್ಟಿಸಿದವರೂ ಇದನ್ನೇ ಮಾಡಿದ್ದರು. ಹಸನ್ ಬಂದಾಗ ಈ ದಾರಿ ಸವೆದ ದಾರಿ.

ಈಗ ಹದಿನಾಲ್ಕನೇ ಶತಮಾನಕ್ಕೆ ಬನ್ನಿ. ಸಿಂಹಾಸನದ ಮೇಲೆ ಮೊಹಮ್ಮದ್ ಬಿನ್ ತುಘಲಕ್. ದೇವಗಿರಿಗೆ ದೌಲತಾಬಾದ್ ಅಂತ ಹೆಸರಿಟ್ಟು ಎರಡನೇ ರಾಜಧಾನಿ ಮಾಡಿದವನು. ಅಲ್ಲಿಂದ ದೆಹಲಿಗೆ 40 ದಿನದ ದಾರಿ ಅಂತ ಇಬ್ನ್ ಬತೂತ ಬರೀತಾನೆ. ನಾನು ಇಂಜಿನಿಯರಿಂಗ್ ಓದಿದವನು, ಕಂಟ್ರೋಲ್ ಸಿಸ್ಟಮ್ಸ್ ಅನ್ನೋ ಪೇಪರ್‌ನಲ್ಲಿ ಒಂದು ಮಾತು ತಲೆಯಲ್ಲಿ ಉಳಿದಿದೆ. ಯಂತ್ರದಿಂದ ವಾಪಸ್ ಬರೋ ಸೂಚನೆ ತಡವಾದರೆ, ನೀವು ಮಾಡೋ ಪ್ರತಿ ತಿದ್ದುಪಡಿಯೂ ಯಂತ್ರವನ್ನ ಇನ್ನಷ್ಟು ಅಲುಗಾಡಿಸುತ್ತೆ. ಇಲ್ಲಿ ತಡ ಎಷ್ಟು? ಸುದ್ದಿ ಹೋಗೋಕೆ 40 ದಿನ, ಹುಕುಂ ಬರೋಕೆ 40 ದಿನ. ಓಲೆಕಾರರು ಕುದುರೆ ಬದಲಿಸುತ್ತಾ ಓಡಿದರೆ ಪತ್ರ ಬೇಗ ಮುಟ್ಟೀತು, ಸೈನ್ಯ ಮುಟ್ಟೋದಿಲ್ಲ.

ಮೊದಲು ಎದ್ದವನು ಬಹಾವುದ್ದೀನ್ ಗುರ್ಷಾಸ್ಪ್. ಸುಲ್ತಾನನ ಸೋದರ ಸಂಬಂಧಿ, ಸಗರದ ಅಧಿಕಾರಿ. ಯಾವ ಸಗರ? ಇವತ್ತಿನ ಯಾದಗಿರಿ ಜಿಲ್ಲೆ ಶಹಾಪುರ ತಾಲೂಕಿನ ಸಗರ, ಸಗರನಾಡಿನ ಸಗರ. 1327ರ ಹೊತ್ತಿಗೆ ಬಂಡೆದ್ದ. ದೆಹಲಿ ಸೈನ್ಯ ಬೆನ್ನತ್ತಿತು. ಓಡಿ ಹೋಗಿ ಕಂಪಿಲಿಯ ಕಂಪಿಲರಾಯನ ಆಶ್ರಯ ಬೇಡಿದ. ಕುಮಾರರಾಮನ ಕಥೆ ಕೇಳಿದೀರಲ್ಲ, ಆ ಕುಮಾರರಾಮನ ತಂದೆಯೇ ಈ ಕಂಪಿಲರಾಯ. ಶರಣು ಬಂದವನನ್ನ ಬಿಟ್ಟುಕೊಡಲ್ಲ ಅಂತ ನಿಂತ. ಕಂಪಿಲಿ ಬೂದಿಯಾಯ್ತು, ರಾಯ ಸತ್ತ, ಕೋಟೆಯ ಹೆಣ್ಣುಮಕ್ಕಳು ಬೆಂಕಿಗೆ ಹಾರಿದರು. ಗುರ್ಷಾಸ್ಪ್ ಅಲ್ಲಿಂದಲೂ ಪಾರಾಗಿ ಹೊಯ್ಸಳ ಮೂರನೇ ಬಲ್ಲಾಳನ ಹತ್ತಿರ ಹೋದ. ಬಲ್ಲಾಳ ಲೆಕ್ಕ ಹಾಕಿದ, ಹಿಡಿದು ಒಪ್ಪಿಸಿದ. ಮುಂದೆ ಆದದ್ದನ್ನ ಇಬ್ನ್ ಬತೂತ ಬರೆದಿದ್ದಾನೆ, ಊಟ ಮಾಡ್ತಾ ಓದೋರು ಎರಡು ಸಾಲು ಬಿಟ್ಟು ಮುಂದೆ ಹೋಗಿ. ಜೀವಂತ ಚರ್ಮ ಸುಲಿಸಿದರು. ಮಾಂಸವನ್ನ ಅನ್ನದ ಜೊತೆ ಬೇಯಿಸಿ ಅವನ ಹೆಂಡತಿ ಮಕ್ಕಳಿಗೆ ಕಳಿಸಿದರು. ಚರ್ಮಕ್ಕೆ ಹುಲ್ಲು ತುಂಬಿ ಊರೂರು ತೋರಿಸಿದರು.

ಅಂದ್ರೆ ಸಂದೇಶ ಸ್ಪಷ್ಟ. ಆದರೂ ಹದಿಮೂರು ವರ್ಷದೊಳಗೆ ಇನ್ನಿಬ್ಬರು ಎದ್ದರು! ಯಾಕೆ?

ಎರಡನೆಯವನ ಕಥೆಯಲ್ಲಿ ಉತ್ತರ ಇದೆ. ಬೀದರ್‌ನ ನುಸ್ರತ್ ಖಾನ್. ಇವನು ಬೀದರ್ ಪ್ರಾಂತ್ಯದ ಕಂದಾಯವನ್ನ ಗುತ್ತಿಗೆ ಹಿಡಿದಿದ್ದ. ಮೂರು ವರ್ಷಕ್ಕೆ ಒಂದು ಕೋಟಿ ಟಂಕ ಕಟ್ಟಿಕೊಡ್ತೀನಿ ಅಂತ ಒಪ್ಪಿಕೊಂಡಿದ್ದ ಅಂತ ಇತಿಹಾಸಕಾರ ಬರನಿ ಬರೀತಾನೆ. ಒಂದು ಕೋಟಿ! ಮಳೆ ಬರಲಿ ಬಿಡಲಿ, ಜೋಳ ತೆನೆ ಕಟ್ಟಲಿ ಬಿಡಲಿ, ಟಾರ್ಗೆಟ್ ಮಾತ್ರ ಟಾರ್ಗೆಟ್. ಕಟ್ಟೋಕಾಗಲಿಲ್ಲ. ಕಟ್ಟದೇ ದೆಹಲಿಗೆ ಹೋದರೆ ತಲೆ ಹೋಗುತ್ತೆ, ಬೀದರ್ ಕೋಟೆ ಬಾಗಿಲು ಹಾಕ್ಕೊಂಡು ಕೂತರೆ ಒಂದು ಅವಕಾಶ ಇದೆ. ಅವನು ಬಾಗಿಲು ಹಾಕ್ಕೊಂಡ. ದೌಲತಾಬಾದ್‌ನಿಂದ ಕುತ್ಲುಗ್ ಖಾನ್ ಬಂದು ಬಾಗಿಲು ತೆಗೆಸಿದ. ಇವನ ಬಂಡಾಯ ಸ್ವಾತಂತ್ರ್ಯ ಹೋರಾಟ ಅಲ್ಲ, ವಸೂಲಿ ಬಾಕಿ.

ಮೂರನೆಯವನು ಅಲಿ ಶಾ. ಕಲಬುರಗಿ ಭಾಗಕ್ಕೆ ತೆರಿಗೆ ಎತ್ತೋಕೆ ಬಂದ ನೂರು ಸವಾರರ ನಾಯಕ. ಆಗ ಕಲಬುರಗಿಯನ್ನ ನೋಡಿಕೊಳ್ತಿದ್ದವನು ತುಘಲಕ್‌ನೇ ನೇಮಿಸಿದ್ದ ಹಿಂದೂ ಅಧಿಕಾರಿ, ಹೆಸರು ಭಿರಣ್. ಅಲಿ ಶಾ ಅವನನ್ನ ಕೊಂದು, ಖಜಾನೆ ಬಾಚಿ, ಬೀದರ್‌ವರೆಗೆ ಹೋದ. 1340ರ ಆಸುಪಾಸು. ಮತ್ತೆ ಅದೇ ಕುತ್ಲುಗ್ ಖಾನ್ ಬಂದ, ಹಿಡಿದ, ಗಡೀಪಾರು ಮಾಡಿಸಿದ.

ಈ ಕುತ್ಲುಗ್ ಖಾನ್ ಹೆಸರನ್ನ ನಮ್ಮ ಪಠ್ಯಪುಸ್ತಕ ಮರೆತುಬಿಟ್ಟಿದೆ. ಸುಲ್ತಾನನ ಗುರುವಾಗಿದ್ದವನು, ದೌಲತಾಬಾದ್‌ನಲ್ಲಿ ಕೂತು ದಖನ್ನನ್ನ ಸಂಭಾಳಿಸ್ತಿದ್ದವನು. ಹೊಡೆಯೋದೂ ಗೊತ್ತಿತ್ತು, ಮಾತಾಡಿಸೋದೂ ಗೊತ್ತಿತ್ತು. 1345ರ ಹೊತ್ತಿಗೆ ಸುಲ್ತಾನ ಇವನನ್ನೇ ವಾಪಸ್ ಕರೆಸಿಕೊಂಡ. ವಸೂಲಿ ಕಡಿಮೆ ಅಂತ ದೂರು ಬಂದಿತ್ತು. ನನ್ನ ಪ್ರಕಾರ ದಖನ್ ಕೈತಪ್ಪಿದ್ದು ಯಾವ ರಣರಂಗದಲ್ಲೂ ಅಲ್ಲ, ಈ ಒಂದು ವರ್ಗಾವಣೆ ಆದೇಶದಲ್ಲಿ.

ಆಮೇಲೆ ಎಲ್ಲವೂ ವೇಗವಾಗಿ ನಡೀತು. ಊರೂರಲ್ಲಿ ಇದ್ದವರು ಅಮೀರಾನ್-ಎ-ಸದಾ, ಅಂದ್ರೆ ನೂರರ ಅಮೀರರು. ನೂರು ಸವಾರರು, ಒಂದಷ್ಟು ಹಳ್ಳಿಗಳ ಕಂದಾಯ, ಇಷ್ಟು ಅವರ ಆಸ್ತಿ. ಹಳ್ಳಿಯ ಗೌಡ, ಕುಲಕರ್ಣಿಯ ಮುಖ ಪರಿಚಯ ಇದ್ದದ್ದು ಇವರಿಗೆ ಮಾತ್ರ. ಎಲ್ಲ ಗಲಾಟೆಗೂ ಇವರೇ ಕಾರಣ ಅಂತ ಸುಲ್ತಾನನ ತಲೆಗೆ ಹೋಯ್ತು. ಮಾಳವದ ಧಾರ್‌ನಲ್ಲಿ ಅಜೀಜ್ ಖಮ್ಮಾರ್ ಅನ್ನೋ ಹೊಸ ಅಧಿಕಾರಿ ಇಂಥ 80ಕ್ಕೂ ಹೆಚ್ಚು ಅಮೀರರನ್ನ ಒಟ್ಟಿಗೆ ಕೊಲ್ಲಿಸಿದ. ಸುಲ್ತಾನ ಅವನಿಗೆ ಬಹುಮಾನ ಕಳಿಸಿದ. ಗುಜರಾತಿನ ಅಮೀರರು ಎದ್ದರು. ಆಗ ದಖನ್ನಿನ ಅಮೀರರಿಗೂ ಹುಕುಂ ಬಂತು: ಭರೂಚ್‌ನಲ್ಲಿರೋ ಸುಲ್ತಾನನ ಹತ್ತಿರ ಹಾಜರಾಗಿ.

ಹೊರಟರು. ಕಾವಲಿಗೆ ದೆಹಲಿ ಸೈನಿಕರು. ದಾರಿಯಲ್ಲಿ ಇವರಿಗೆ ಅನಿಸಿತು, ಧಾರ್‌ನಲ್ಲಿ ಆದದ್ದೇ ನಮಗೂ ಆಗುತ್ತೆ. ಕಾವಲಿನವರನ್ನ ಮುಗಿಸಿದರು, ತಿರುಗಿ ದೌಲತಾಬಾದ್‌ಗೆ ಬಂದರು, ಕೋಟೆ ಹಿಡಿದರು. ತಮ್ಮಲ್ಲೇ ಹಿರಿಯನಾದ ಆಫ್ಘನ್ ಇಸ್ಮಾಯಿಲ್ ಮುಖ್‌ನನ್ನ ಸುಲ್ತಾನ ಅಂತ ಕೂರಿಸಿದರು. 1346.

ಹಸನ್ ಈಗ ಚಿತ್ರಕ್ಕೆ ಬರ್ತಾನೆ. ಅಲ್ಲಿವರೆಗೂ ಅವನು ನೂರರ ಅಮೀರರಲ್ಲಿ ಒಬ್ಬ, ಗವರ್ನರ್‌ಗಿಂತ ಒಂದು ಮೆಟ್ಟಿಲು ಕೆಳಗಿನವನು. ಇಸ್ಮಾಯಿಲ್ ಅವನಿಗೆ ಝಫರ್ ಖಾನ್ ಅನ್ನೋ ಬಿರುದು ಕೊಟ್ಟ. ಹುಕ್ಕೇರಿ, ಮೀರಜ್, ಕಲಬುರಗಿ ಕಡೆಯ ಹೊಣೆ ಅವನದಾಯ್ತು ಅಂತ ಫರಿಶ್ತಾ ಬರೀತಾನೆ. ತುಘಲಕ್ ಸ್ವತಃ ದಂಡೆತ್ತಿ ಬಂದ, ಬಯಲಿನಲ್ಲಿ ಅಮೀರರನ್ನ ಸೋಲಿಸಿದ. ಇಸ್ಮಾಯಿಲ್ ಓಡಿ ದೌಲತಾಬಾದ್ ಕೋಟೆ ಸೇರಿಕೊಂಡ. ಹಸನ್ ಕೋಟೆ ಸೇರಲಿಲ್ಲ, ಕಲಬುರಗಿ ಕಡೆಗೆ ಹೋದ.

ಗುರ್ಷಾಸ್ಪ್‌ಗೂ ಹಸನ್‌ಗೂ ಇರೋ ವ್ಯತ್ಯಾಸವನ್ನ ಇಲ್ಲಿ ನೋಡಿ. ಗುರ್ಷಾಸ್ಪ್ ಒಬ್ಬನೇ ಎದ್ದ, ಸೋತಾಗ ಬೇರೆ ರಾಜರ ಬಾಗಿಲು ತಟ್ಟಿದ. ನುಸ್ರತ್ ಖಾನ್ ಒಬ್ಬನೇ. ಅಲಿ ಶಾ ಜೊತೆ ಅವನ ಬಳಗ ಬಿಟ್ಟರೆ ಯಾರೂ ಇರಲಿಲ್ಲ. ಹಸನ್ ಸೋತಾಗ ಅವನ ಹಿಂದೆ ಸೋತವರ ಒಂದು ಇಡೀ ವರ್ಗ ಇತ್ತು, ಮತ್ತು ಆ ಯಾರಿಗೂ ವಾಪಸ್ ಹೋಗೋಕೆ ದಾರಿ ಇರಲಿಲ್ಲ. ಶರಣಾದರೆ ಧಾರ್‌ನ ಗತಿ. ತಪ್ಪಿಸಿಕೊಳ್ಳೋ ಬಾಗಿಲನ್ನ ಸುಲ್ತಾನನೇ ಮುಚ್ಚಿ ಅವರನ್ನ ಒಂದು ಮಾಡಿದ್ದ.

ಅದೃಷ್ಟವೂ ಇತ್ತು, ಇಲ್ಲ ಅನ್ನಲ್ಲ. ದೌಲತಾಬಾದ್‌ಗೆ ಮುತ್ತಿಗೆ ಹಾಕಿ ಕೂತಿದ್ದ ತುಘಲಕ್‌ಗೆ ಸುದ್ದಿ ಬಂತು, ಗುಜರಾತಿನಲ್ಲಿ ತಘಿ ಅನ್ನೋನು ಎದ್ದಿದ್ದಾನೆ ಅಂತ. ಮುತ್ತಿಗೆಯನ್ನ ಸರದಾರರ ಕೈಗೆ ಬಿಟ್ಟು ಆ ಕಡೆ ಓಡಿದ. ಮತ್ತೆ ಯಾವತ್ತೂ ದಖನ್ನಿಗೆ ಬರಲಿಲ್ಲ. ತಘಿಯ ಬೆನ್ನು ಹತ್ತಿಯೇ ಹೋಗಿ 1351ರಲ್ಲಿ ಸಿಂಧ್‌ನ ಥಟ್ಟಾ ಹತ್ತಿರ ಸತ್ತ. ಇತ್ತ ಹಸನ್‌ನ ಬೆನ್ನತ್ತಿ ಬಂದಿದ್ದವನು ಇಮಾದುಲ್ ಮುಲ್ಕ್ ಸರ್ತೇಜ್. ಓರಂಗಲ್ಲಿನ ಕಾಪಯ ನಾಯಕ ಅಮೀರರ ನೆರವಿಗೆ ಕಾಲಾಳುಗಳನ್ನ ಕಳಿಸಿದ ಅಂತ ಫರಿಶ್ತಾ ಬರೀತಾನೆ. ಹಿಂದೂ ನಾಯಕ, ಮುಸ್ಲಿಂ ಬಂಡುಕೋರ, ಎದುರಾಳಿ ದೆಹಲಿ! ವಾಟ್ಸ್‌ಆಪ್ ಫಾರ್ವರ್ಡ್‌ಗೆ ಈ ಸೈನ್ಯ ಸರಿಹೊಂದಲ್ಲ ಬಿಡಿ. ಕಾಳಗದಲ್ಲಿ ಸರ್ತೇಜ್ ಸತ್ತ. ಹಸನ್ ಗೆದ್ದು ದೌಲತಾಬಾದ್‌ಗೆ ಹೊರಟ, ಮುತ್ತಿಗೆ ಹಾಕಿದ್ದವರು ಚದುರಿದರು. ಇಸ್ಮಾಯಿಲ್ ಮುಖ್ ಗಾಳಿ ಯಾವ ಕಡೆ ಬೀಸ್ತಿದೆ ಅಂತ ನೋಡಿದ, ತಾನಾಗಿಯೇ ಇಳಿದ. 1347ರ ಆಗಸ್ಟ್ 3ರಂದು ಹಸನ್ ಪಟ್ಟಕ್ಕೆ ಬಂದ. ಸ್ವಲ್ಪ ಕಾಲದ ನಂತರ ಇದೇ ಇಸ್ಮಾಯಿಲ್ ಪಿತೂರಿ ಮಾಡಿದ ಅಂತ ಅವನ ತಲೆ ತೆಗೆಸಲಾಯ್ತು. ಆದರೆ ಅವನ ಸ್ಥಾನವನ್ನ ಅವನ ಮಗನಿಗೇ ಕೊಟ್ಟರು. ತುಘಲಕ್ ಆಗಿದ್ದರೆ ಮಗನನ್ನೂ ಬಿಡ್ತಿರಲಿಲ್ಲ.

ಹೊಸ ಸುಲ್ತಾನ ದೌಲತಾಬಾದ್‌ನಂಥ ಭದ್ರ ಕೋಟೆ ಬಿಟ್ಟು ಕಲಬುರಗಿಯನ್ನ ರಾಜಧಾನಿ ಮಾಡಿಕೊಂಡ. ದೌಲತಾಬಾದ್‌ನಿಂದ 300 ಕಿಲೋಮೀಟರ್‌ಗೂ ಹೆಚ್ಚು ದಕ್ಷಿಣಕ್ಕೆ. ದೆಹಲಿಯ ಸೈನ್ಯ ಮೊದಲು ಬಂದು ಮುಟ್ಟೋ ಜಾಗದಲ್ಲಿ ಕೂರಬಾರದು ಅನ್ನೋದು ಅವನಿಗೆ ಅನುಭವದಿಂದ ಗೊತ್ತಿತ್ತು. ಜೊತೆಗೆ ಕಲಬುರಗಿ ಅವನ ಸ್ವಂತ ನೆಲೆ, ಭೀಮಾ, ಕಾಗಿಣಾ ನಡುವಿನ ಕಪ್ಪು ಮಣ್ಣು ಸುತ್ತಲೂ ಇದೆ. ಊರಿಗೆ ಅಹ್ಸನಾಬಾದ್ ಅಂತ ಹೆಸರಿಟ್ಟ. 2014ರಲ್ಲಿ ಗುಲ್ಬರ್ಗ ಹೋಗಿ ಕಲಬುರಗಿ ಆದಾಗ ಸ್ಟುಡಿಯೋಗಳಲ್ಲಿ ಎಷ್ಟು ಚರ್ಚೆ ಆಯ್ತು ನೆನಪಿದೆಯಲ್ಲ? ಸುಲ್ತಾನ ಇಟ್ಟ ಹೆಸರು ಜನರ ನಾಲಿಗೆಯಲ್ಲಿ ಉಳಿಯಲೇ ಇಲ್ಲ.

ಪಟ್ಟ ಸಿಕ್ಕಿತು, ರಾಜ್ಯ ಇನ್ನೂ ಸಿಕ್ಕಿರಲಿಲ್ಲ. ಮೂಲೆಮೂಲೆಯಲ್ಲಿ ಇನ್ನೂ ದೆಹಲಿಯ ಹೆಸರು ಹೇಳೋ ಕೋಟೆಗಳು, ಯಾರ ಹೆಸರನ್ನೂ ಹೇಳದ ಪಾಳೆಯಗಾರರು. ಸರದಾರರನ್ನ ನಾಲ್ಕೂ ದಿಕ್ಕಿಗೆ ಅಟ್ಟಿದ. ಒಬ್ಬ ಕಲ್ಯಾಣಕ್ಕೆ ಮುತ್ತಿಗೆ ಹಾಕಿದ, ಒಬ್ಬ ಅಕ್ಕಲಕೋಟೆ ಹಿಡಿದ. ಸಿಕಂದರ್ ಖಾನ್ ಅನ್ನೋನು ಬೀದರ್ ಸೀಮೆಯಿಂದ ದಕ್ಷಿಣಕ್ಕೆ ಇಳಿದು ಮಳಖೇಡದವರೆಗೆ ಬಂದ, ಜನರಿಂದ ಹೊಸ ವಂಶಕ್ಕೆ ನಿಷ್ಠೆ ಪಡೆದ. ತೈಲಪ ಕಿತ್ತುಕೊಂಡ ಅದೇ ಮಾನ್ಯಖೇಟ, ಈಗ ಹೊಸ ಸುಲ್ತಾನನ ಪಟ್ಟಿಯಲ್ಲಿ ಕಂದಾಯ ಕೊಡೋ ಇನ್ನೊಂದು ಊರು. ಅದೇ ಸಿಕಂದರ್ ಖಾನ್ ಕಾಪಯ ನಾಯಕನನ್ನೂ ಬಗ್ಗಿಸಿ ಕಪ್ಪ ಕಟ್ಟೋ ಹಾಗೆ ಮಾಡಿದ. ಕಷ್ಟದಲ್ಲಿ ಸೈನ್ಯ ಕಳಿಸಿದ ಕಾಪಯನಿಗೆ ಸಿಕ್ಕ ಉಡುಗೊರೆ ಇದು. ಇದನ್ನ ಸೌಹಾರ್ದ ಅಂತಲೂ ಕರೆಯೋಕಾಗಲ್ಲ, ಧರ್ಮಯುದ್ಧ ಅಂತಲೂ ಕರೆಯೋಕಾಗಲ್ಲ. ಕಂದಾಯ ಎಲ್ಲಿಂದ ಬರುತ್ತೆ ಅನ್ನೋ ಲೆಕ್ಕ ಅಷ್ಟೇ. ನಾಣ್ಯದ ಮೇಲೆ ತನ್ನನ್ನ ಎರಡನೇ ಅಲೆಕ್ಸಾಂಡರ್ ಅಂತ ಕರೆಸಿಕೊಂಡ ಹಸನ್ 1358ರಲ್ಲಿ ತೀರಿಕೊಂಡ.

ಕಲಬುರಗಿಗೆ ಹೋದವರು ಖಾಜಾ ಬಂದೇನವಾಜರ ದರ್ಗಾಕ್ಕೆ ಹೋಗ್ತಾರೆ, ಶರಣಬಸವೇಶ್ವರರ ಗುಡಿಗೆ ಹೋಗ್ತಾರೆ, ಕೋಟೆಯೊಳಗೆ 1367ರ ದೊಡ್ಡ ಮಸೀದಿ ನೋಡ್ತಾರೆ. ಹಸನ್‌ನ ಗೋರಿ ಕೋಟೆಯ ಹೊರಗೆ ಇದೆ. ಒಂದೇ ಕೋಣೆ, ಒಳಕ್ಕೆ ವಾಲಿದ ದಪ್ಪ ಗೋಡೆ, ಅಲಂಕಾರ ಇಲ್ಲ. ಅದು ಅಪ್ಪಟ ತುಘಲಕ್ ಶೈಲಿ! ಯಾರ ವಿರುದ್ಧ ಎದ್ದು ರಾಜ್ಯ ಕಟ್ಟಿದನೋ, ಅವರ ಮಾದರಿಯ ಗೋರಿಯಲ್ಲೇ ಮಲಗಿದ್ದಾನೆ.

ಗೋರಿಯ ವಿಷಯ ಬಿಡಿ, ಆಡಳಿತವೂ ಹಾಗೇ ಆಯ್ತು. ಆ ವಂಶದವರು ರಾಜ್ಯವನ್ನ ಕಲಬುರಗಿ, ದೌಲತಾಬಾದ್, ಬೀದರ್, ಬೇರಾರ್ ಅಂತ ನಾಲ್ಕು ತರಫ್ ಮಾಡಿದರು. ಪ್ರತಿ ತರಫ್‌ಗೆ ಒಬ್ಬ ತರಫ್‌ದಾರ. ಅವನ ಕೈಯಲ್ಲೇ ಕಂದಾಯ, ಅವನ ಕೈಯಲ್ಲೇ ಸೈನ್ಯ, ಅವನ ಕೈಯಲ್ಲೇ ಕೋಟೆಗಳು. ಅಂದ್ರೆ ಏನಾಯ್ತು? ಗುರ್ಷಾಸ್ಪ್, ನುಸ್ರತ್ ಖಾನ್, ಅಲಿ ಶಾ, ಹಸನ್, ಈ ನಾಲ್ವರನ್ನ ಹುಟ್ಟಿಸಿದ ಕುರ್ಚಿಯನ್ನೇ ಮತ್ತೆ ನಾಲ್ಕು ಕಡೆ ಹಾಕಿದ ಹಾಗಾಯ್ತು. ರಾಜಧಾನಿ ಕಲಬುರಗಿಯಿಂದ ಬೀದರ್‌ಗೆ ಹೋಯ್ತು, ಸುಲ್ತಾನರು ಬಂದರು ಹೋದರು, ಕುರ್ಚಿಗಳು ಮಾತ್ರ ಗಟ್ಟಿಯಾಗ್ತಾ ಹೋದವು.

ಇದನ್ನ ಸರಿಯಾಗಿ ಅರ್ಥ ಮಾಡಿಕೊಂಡವನು ಒಬ್ಬನೇ, ಬೀದರ್‌ನ ಮಂತ್ರಿ ಮಹಮೂದ್ ಗವಾನ್. ಅವನ ಮದರಸಾ ನೋಡಿ ಫೋಟೋ ತೆಗೆಸಿಕೊಳ್ತೀವಿ, ಅವನ ಆಡಳಿತ ಸುಧಾರಣೆ ಓದೋದಿಲ್ಲ. ನಾಲ್ಕು ತರಫ್‌ಗಳನ್ನ ಎಂಟು ಮಾಡಿದ. ತರಫ್‌ದಾರನಿಗೆ ಒಂದೇ ಕೋಟೆ, ಉಳಿದವಕ್ಕೆ ಸುಲ್ತಾನ ನೇಮಿಸಿದ ಕಿಲ್ಲೇದಾರ ಅಂದ. ಸೈನಿಕರ ಸಂಖ್ಯೆ ಲೆಕ್ಕ ಕೇಳೋಕೆ ಶುರು ಮಾಡಿದ. ತರಫ್‌ದಾರರು ಸುಮ್ಮನಿರ್ತಾರಾ? ಒರಿಸ್ಸಾದ ಗಜಪತಿಗೆ ಅವನು ಬರೆದ ಹಾಗೆ ಒಂದು ನಕಲಿ ಪತ್ರ ಸೃಷ್ಟಿಸಿದರು, ಸುಲ್ತಾನನಿಗೆ ತೋರಿಸಿದರು. 1481ರ ಏಪ್ರಿಲ್‌ನಲ್ಲಿ ಗವಾನ್‌ನ ತಲೆ ಉರುಳಿತು.

ಒಂಬತ್ತೇ ವರ್ಷ. 1490ರ ಹೊತ್ತಿಗೆ ವಿಜಯಪುರದ ಯೂಸುಫ್ ಆದಿಲ್ ಖಾನ್, ಅಹಮದ್‌ನಗರದ ಮಲಿಕ್ ಅಹಮದ್, ಬೇರಾರಿನ ಫತ್ಹುಲ್ಲಾ ತಮ್ಮ ತಮ್ಮ ತರಫ್‌ನಲ್ಲಿ ತಾವೇ ದೊರೆಗಳು. ಬೀದರ್‌ನಲ್ಲೇ ಕಾಸಿಂ ಬರೀದ್ ಸುಲ್ತಾನನನ್ನ ಬೊಂಬೆ ಮಾಡಿ ಕೂತ. ತೆಲಂಗಾಣಕ್ಕೆ ಕಳಿಸಿದ್ದ ಸುಲ್ತಾನ್ ಕುಲಿ ಮುಂದೆ ಗೋಲ್ಕೊಂಡದ ಕುತುಬ್ ಶಾಹಿಯಾದ. ಹಸನ್ ತುಘಲಕ್‌ಗೆ ಮಾಡಿದ್ದನ್ನ ಐವರು ಸೇರಿ ಹಸನ್‌ನ ಮನೆತನಕ್ಕೆ ಮಾಡಿದರು.

ಆರನೆಯವನೂ ಒಬ್ಬ ಇದ್ದ. ಕಲಬುರಗಿಯ ಅಧಿಕಾರಿ ದಸ್ತೂರ್ ದೀನಾರ್, ಹಬ್ಶಿ, ಅಂದ್ರೆ ಅಬಿಸೀನಿಯಾ ಮೂಲದವನು. ಸಗರದಿಂದ ನಳದುರ್ಗದವರೆಗಿನ ಸೀಮೆ ಅವನದು. ಅವನಿಗೂ ಅದೇ ಆಸೆ, 1495ರಲ್ಲಿ ಎದ್ದ. ಆದರೆ ಒಂದು ಕಡೆ ಯೂಸುಫ್, ಇನ್ನೊಂದು ಕಡೆ ಬರೀದ್. ಪಕ್ಕದ ಇಬ್ಬರೂ ಆಗಲೇ ದೊರೆಗಳಾಗಿದ್ದರು, ಇವನಿಗೆ ಜಾಗ ಉಳಿದಿರಲಿಲ್ಲ. 1504ರ ಹೊತ್ತಿಗೆ ಯೂಸುಫ್‌ನ ಸೈನ್ಯದ ಎದುರು ಸೋತು ಸತ್ತ. ಕಲಬುರಗಿ, ಸಗರ ಎಲ್ಲಾ ಆದಿಲ್ ಶಾಹಿ ಪಾಲಾಯ್ತು. ಹಸನ್ ರಾಜಧಾನಿ ಮಾಡಿಕೊಂಡಿದ್ದ ಊರಿಗೆ ಈಗ ವಿಜಯಪುರದಿಂದ ಅಧಿಕಾರಿಗಳು ಬರೋಕೆ ಶುರುವಾದರು, ಕಂದಾಯ ಎತ್ತೋಕೆ.